ಪೆನ್‌ಡ್ರೈವ್ ಬಿಡಿ, ದಿನಾ ಕೋಡ್ ಕೂಡಿಸಿ

ಪ್ರಾಜೆಕ್ಟ್ ಸಲ್ಲಿಸಲು ವಾರ ಉಳಿದಿರುವಾಗ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಯಾವುದೇ ತಂಡದ ಲ್ಯಾಪ್‌ಟಾಪ್ ತೆರೆದು ನೋಡಿ. ‘ಪ್ರಾಜೆಕ್ಟ್ ಫೈನಲ್’, ‘ಪ್ರಾಜೆಕ್ಟ್ ಫೈನಲ್ 2’, ‘ಫೈನಲ್ ಸರ್ ಹೇಳಿದ ಮೇಲೆ’, ‘ಇದೇ ಫೈನಲ್’ ಎಂಬ ಫೋಲ್ಡರ್‌ಗಳು ಸಾಲಾಗಿ ಕುಳಿತಿರುತ್ತವೆ. ಇವುಗಳಲ್ಲಿ ಓಡುವುದು ಯಾವುದು ಎಂದು ಕೇಳಿದರೆ ತಂಡದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಲಾಗಿನ್ ಪುಟ ಒಬ್ಬನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಡೇಟಾಬೇಸ್ ಇನ್ನೊಬ್ಬಳ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದು ಎರಡನ್ನೂ ಒಂದೆಡೆ ಹಾಕಿದ ಕೂಡಲೇ ಎರಡೂ ನಿಲ್ಲುತ್ತವೆ. ಆಮೇಲಿನ ರಾತ್ರಿಗಳೆಲ್ಲ ಇದ್ದದ್ದನ್ನು ಜೋಡಿಸುವುದರಲ್ಲೇ ಕಳೆಯುತ್ತವೆ.

ನಾವು ಇದನ್ನು ‘ಲಾಸ್ಟ್ ಮಿನಿಟ್ ಟೆನ್ಶನ್’ ಎಂದು ನಕ್ಕು ಬಿಡುತ್ತೇವೆ. ನನ್ನ ಪ್ರಕಾರ ಇದು ನಕ್ಕು ಬಿಡುವ ವಿಷಯವಲ್ಲ. ಕೋಡ್ ಬರೆಯುವುದನ್ನು ನಾಲ್ಕು ವರ್ಷ ಕಲಿಯುವ ನಾವು, ನಾಲ್ಕು ಕಡೆ ಕುಳಿತ ನಾಲ್ವರ ಕೋಡ್ ಅನ್ನು ಒಂದಾಗಿ ಇಟ್ಟುಕೊಳ್ಳುವುದನ್ನು ಕಲಿಯದೆಯೇ ಹೊರಬರುತ್ತಿದ್ದೇವೆ. ಕೆಲಸಕ್ಕೆ ಸೇರಿದ ಮೊದಲ ವಾರದಿಂದಲೇ ಬೇಕಾಗುವುದು ಈ ಎರಡನೆಯ ವಿದ್ಯೆ. ಇದಕ್ಕೆ ಹೊಸ ಲ್ಯಾಬ್ ಬೇಡ, ದುಡ್ಡೂ ಬೇಡ. ನಮಗೆ ಅಭ್ಯಾಸ ಬೇಕು, ಕಾಲೇಜುಗಳು ಆ ಅಭ್ಯಾಸಕ್ಕೆ ಅಂಕ ಕೊಡಬೇಕು.

ಮೂವರು, ಮೂರು ಹೊತ್ತು

‘ಇದೆಲ್ಲ ದೊಡ್ಡ ಕಂಪನಿಗಳ ಸಮಸ್ಯೆ, ನಾಲ್ಕು ಜನರ ಪ್ರಾಜೆಕ್ಟಿಗೆ ಏಕೆ’ ಎನ್ನುವವರು ಒಂದು ಹಳೆಯ ಸಂಗತಿ ತಿಳಿಯಬೇಕು. 1980ರ ದಶಕದ ನಡುವೆ ಆಮ್‌ಸ್ಟರ್‌ಡ್ಯಾಮ್‌ನ ವ್ರೈಯೆ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ್ ಎಂಬ ಮೇಷ್ಟ್ರು ಇಬ್ಬರು ವಿದ್ಯಾರ್ಥಿಗಳ ಜೊತೆ ಸೇರಿ ಸಿ ಭಾಷೆಯ ಕಂಪೈಲರ್ ಒಂದನ್ನು ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಕಚೇರಿ ನೌಕರನಂತೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕೆಲಸ ಮಾಡುತ್ತಿದ್ದ. ಇನ್ನೊಬ್ಬನ ಕೆಲಸಕ್ಕೆ ಹೊತ್ತುಗೊತ್ತು ಇರಲಿಲ್ಲ. ಮೇಷ್ಟ್ರಿಗೆ ಬಿಡುವಾಗುತ್ತಿದ್ದದ್ದು ಸಂಜೆಯ ಮೇಲೆ.

ಆಗ ಬಳಕೆಯಲ್ಲಿದ್ದ ಆರ್‌ಸಿಎಸ್‌ನಂಥ ವ್ಯವಸ್ಥೆಯಲ್ಲಿ ಒಬ್ಬರು ತಿದ್ದಲು ಫೈಲ್ ತೆಗೆದುಕೊಂಡರೆ ಅದಕ್ಕೆ ಬೀಗ ಬೀಳುತ್ತಿತ್ತು. ಅವರು ಹಿಂದಿರುಗಿಸುವವರೆಗೆ ಉಳಿದವರು ಕಾಯಬೇಕಿತ್ತು. ಲೈಬ್ರರಿಯಲ್ಲಿರುವ ಒಂದೇ ಒಂದು ಪ್ರತಿಯನ್ನು ಯಾರೋ ತೆಗೆದುಕೊಂಡು ಊರಿಗೆ ಹೋದರೆ ನಮಗೆ ಆಗುತ್ತದಲ್ಲ, ಹಾಗೆ. ಗ್ರೂನ್ ಅವರು ಕಾಯುವ ಬದಲು ಬೇರೆ ದಾರಿ ಹುಡುಕಿದರು. ಮೂವರೂ ತಮ್ಮ ತಮ್ಮ ಪ್ರತಿಯಲ್ಲಿ ಬರೆಯಲಿ, ಆಮೇಲೆ ಕೂಡಿಸೋಣ ಎಂದು ಒಂದಷ್ಟು ಸ್ಕ್ರಿಪ್ಟ್ ಬರೆದು 1986ರಲ್ಲಿ ಎಲ್ಲರಿಗೂ ಹಂಚಿದರು. ಅದೇ ಸಿವಿಎಸ್. ಮುಂದೆ ಅನೇಕ ವರ್ಷ ಜಗತ್ತಿನ ಮುಕ್ತ ತಂತ್ರಾಂಶದ ದೊಡ್ಡ ಪಾಲು ನಡೆದದ್ದು ಅದರ ಮೇಲೆಯೇ. ಅಂದರೆ ಈ ವಿದ್ಯೆಯ ಒಂದು ಮುಖ್ಯ ಬೇರು ಇರುವುದೇ ಮೂರು ಜನರ ಕಾಲೇಜು ಪ್ರಾಜೆಕ್ಟಿನಲ್ಲಿ, ಹೊತ್ತು ಹೊಂದದ ಮೂವರ ಪೇಚಿನಲ್ಲಿ. ನಮ್ಮ ತಂಡಗಳಲ್ಲಿ ಒಬ್ಬರು ಹಾಸ್ಟೆಲ್‌ನಲ್ಲಿ, ಒಬ್ಬರು ಇಂಟರ್ನ್‌ಶಿಪ್‌ನಲ್ಲಿ, ಒಬ್ಬರು ಊರಿನಿಂದ ಬಸ್ಸಿನಲ್ಲಿ ಓಡಾಡುತ್ತಾ ಇರುತ್ತಾರೆ. ಪರಿಸ್ಥಿತಿ ಅದೇ.

ಎಲ್ಲರ ಕೈಯಲ್ಲೂ ಪೂರ್ತಿ ಚರಿತ್ರೆ

ಸಿವಿಎಸ್ ಮತ್ತು ಅದರ ನಂತರದ ಸಬ್‌ವರ್ಶನ್‌ನಲ್ಲಿ ಒಂದು ಕೇಂದ್ರ ಸರ್ವರ್ ಇರುತ್ತಿತ್ತು. ಚರಿತ್ರೆ ಇದ್ದದ್ದು ಅಲ್ಲಿ ಮಾತ್ರ. ನಮ್ಮ ಬಳಿ ಇರುತ್ತಿದ್ದದ್ದು ಇಂದಿನ ಪ್ರತಿ ಅಷ್ಟೇ. ಸರ್ವರ್‌ಗೆ ಸಂಪರ್ಕ ಇಲ್ಲದಿದ್ದರೆ ಬದಲಾವಣೆಯನ್ನು ದಾಖಲಿಸುವ ಹಾಗೂ ಇರಲಿಲ್ಲ.

ಲಿನಕ್ಸ್ ಕರ್ನಲ್‌ನ ಕತೆ ಇನ್ನೂ ಕಷ್ಟದ್ದು. ಹಲವು ದೇಶಗಳಲ್ಲಿ ಕುಳಿತವರು ಇಮೇಲ್‌ನಲ್ಲಿ ತಿದ್ದುಪಡಿ ಕಳಿಸುತ್ತಿದ್ದರು, ಲಿನಸ್ ಟೊರ್ವಾಲ್ಡ್ಸ್ ಅವುಗಳನ್ನು ಒಂದೊಂದಾಗಿ ಸೇರಿಸುತ್ತಿದ್ದರು. 2002ರಲ್ಲಿ ಅವರು ಬಿಟ್‌ಕೀಪರ್ ಎಂಬ ಖಾಸಗಿ ಕಂಪನಿಯ ಸಾಧನಕ್ಕೆ ಹೋದರು. 2005ರಲ್ಲಿ ಆ ಕಂಪನಿ ಉಚಿತ ಬಳಕೆಯನ್ನು ಹಿಂತೆಗೆದುಕೊಂಡಿತು. ಟೊರ್ವಾಲ್ಡ್ಸ್ ಅದೇ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕುಳಿತರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು. ಜುಲೈನಲ್ಲಿ ಅದರ ಹೊಣೆಯನ್ನು ಜೂನಿಯೊ ಹಮಾನೊ ಅವರಿಗೆ ಒಪ್ಪಿಸಿದರು.

ಗಿಟ್‌ನಲ್ಲಿ ಪ್ರತಿಯೊಬ್ಬರ ಬಳಿಯೂ ಪೂರ್ತಿ ಚರಿತ್ರೆ ಇರುತ್ತದೆ. ಪ್ರತಿ ಕಮಿಟ್‌ಗೂ ಅದರೊಳಗಿನ ವಿಷಯದಿಂದಲೇ ಲೆಕ್ಕ ಹಾಕಿದ 40 ಅಕ್ಷರದ ಒಂದು ಹೆಸರು ಸಿಗುತ್ತದೆ. ಆ ಲೆಕ್ಕದಲ್ಲಿ ಹಿಂದಿನ ಕಮಿಟ್‌ನ ಹೆಸರೂ ಸೇರಿರುವುದರಿಂದ, ಹಳೆಯದರಲ್ಲಿ ಒಂದು ಅಲ್ಪವಿರಾಮ ಬದಲಾದರೂ ಅದರ ನಂತರದ ಎಲ್ಲ ಹೆಸರುಗಳೂ ಬದಲಾಗುತ್ತವೆ. ಇದರ ಬೆಲೆ ತಿಳಿದದ್ದು 2011ರ ಆಗಸ್ಟ್‌ನಲ್ಲಿ. ಲಿನಕ್ಸ್ ಕರ್ನಲ್ ಇರುವ ಸರ್ವರ್‌ಗಳಿಗೇ ಯಾರೋ ನುಗ್ಗಿದ್ದು ಆಗ ಪತ್ತೆಯಾಯಿತು. ಆದರೂ ಕೋಡ್‌ನ ಬಗ್ಗೆ ಧೈರ್ಯವಾಗಿರಲು ಸಾಧ್ಯವಾಯಿತು. ಅದೇ ಚರಿತ್ರೆಯ ಪ್ರತಿಗಳು ಜಗತ್ತಿನಾದ್ಯಂತ ಸಾವಿರಾರು ಜನರ ಬಳಿ ಇದ್ದವು. ಸದ್ದಿಲ್ಲದೆ ಏನನ್ನಾದರೂ ತಿದ್ದಿದ್ದರೆ ಹೆಸರು ಹೊಂದದೆ ಸಿಕ್ಕಿಬೀಳುತ್ತಿತ್ತು.

ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಊರಿನಲ್ಲಿ ನೆಟ್‌ವರ್ಕ್ ಇಲ್ಲ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ ಎನ್ನುವ ವಿದ್ಯಾರ್ಥಿ ಮನೆಯಲ್ಲಿ ಕುಳಿತೇ ಹತ್ತು ಕಮಿಟ್ ಮಾಡಬಹುದು. ಸಿಗ್ನಲ್ ಸಿಕ್ಕ ಕಡೆ ಒಂದು ನಿಮಿಷದಲ್ಲಿ ಎಲ್ಲವನ್ನೂ ಕಳಿಸಬಹುದು. ಹೋಗುವುದು ಬದಲಾದ ಭಾಗ ಮಾತ್ರ. ಇಡೀ ಪ್ರಾಜೆಕ್ಟನ್ನು ಜಿಪ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಕ್ಕಿಂತ ಡೇಟಾ ಎಷ್ಟೋ ಉಳಿಯುತ್ತದೆ.

ಬೆಂಗಳೂರಿನ ಸಂಜೆ, ಅಮೆರಿಕದ ಬೆಳಿಗ್ಗೆ

ಕೆಲಸ ಹುಡುಕುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದಾಗ, ಇಲ್ಲಿನ ಕೆಲಸವನ್ನು ಅಮೆರಿಕದ ಕಚೇರಿಗೆ ಮುಟ್ಟಿಸಲು ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಳ್ಳಬೇಕಾಯಿತು. ಅಂದಿನಿಂದ ಇಂದಿನವರೆಗೆ ಈ ಊರಿನ ಐಟಿ ಕೆಲಸದ ದೊಡ್ಡ ಭಾಗ ‘ಎರಡು ಊರು, ಒಂದು ಕೋಡ್’ ಎಂಬ ವ್ಯವಸ್ಥೆಯಲ್ಲೇ ನಡೆದಿದೆ. ಇಲ್ಲಿ ರಾತ್ರಿ ಒಂಬತ್ತೂವರೆ ಆದಾಗ ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಒಂಬತ್ತು. ನಾವು ಮುರಿದ ಕೋಡ್ ಸೇರಿಸಿ ಮಲಗಿದರೆ ಅವರ ಇಡೀ ದಿನ ಹಾಳು. ಕೇಳೋಣವೆಂದರೆ ನಾವು ನಿದ್ದೆಯಲ್ಲಿರುತ್ತೇವೆ.

ಹಾಗಾಗಿಯೇ ಇಂಥ ಕಡೆ ಕೆಲವು ಕಟ್ಟುಪಾಡುಗಳು ಬೆಳೆದವು. ಗಿಟ್ ಬರುವ ಮೊದಲು ದೊಡ್ಡ ಕಂಪನಿಗಳಲ್ಲಿ ಬಳಕೆಯಲ್ಲಿದ್ದ ಕ್ಲಿಯರ್‌ಕೇಸ್ ಮಲ್ಟಿಸೈಟ್‌ನಲ್ಲಿ ಪ್ರತಿ ಊರಿನಲ್ಲೂ ರೆಪೊದ ಒಂದು ಪ್ರತಿ ಇರುತ್ತಿತ್ತು. ಆದರೆ ಒಂದೊಂದು ಬ್ರಾಂಚ್‌ಗೆ ಒಂದೊಂದು ಊರು ಯಜಮಾನ. ಯಜಮಾನಿಕೆ ಇಲ್ಲದ ಊರಿನವರು ಆ ಬ್ರಾಂಚನ್ನು ಓದಬಹುದು, ತಿದ್ದುವಂತಿಲ್ಲ. ತಾವು ತಿದ್ದಬೇಕಾದದ್ದನ್ನು ತಮ್ಮ ಊರಿನ ಬ್ರಾಂಚಿನಲ್ಲಿ ಬರೆದು ಆಮೇಲೆ ಕೂಡಿಸಬೇಕು. ಇಂದು ಸಾಧನ ಬದಲಾಗಿದೆ. ಮುಖ್ಯ ಬ್ರಾಂಚಿಗೆ ನೇರವಾಗಿ ಯಾರೂ ಪುಶ್ ಮಾಡಬಾರದು, ಇನ್ನೊಬ್ಬರು ಓದಿ ಒಪ್ಪಬೇಕು, ಪರೀಕ್ಷೆಗಳು ತಾವಾಗಿ ಓಡಿ ಪಾಸಾಗಬೇಕು ಎಂಬ ನಿಯಮಗಳು ಬಂದಿವೆ. ಆದರೆ ತತ್ವ ಅದೇ: ಯಾವುದು ಯಾರ ಹೊಣೆ ಎನ್ನುವುದು ಮೊದಲೇ ಗೊತ್ತಿರಬೇಕು. ಇದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯೋಣ ಎನ್ನುವುದು ಯುದ್ಧಕಾಲೇ ಶಸ್ತ್ರಾಭ್ಯಾಸ.

ಗಿಟ್ ಸಾಲು ಕೂಡಿಸುತ್ತದೆ, ಅರ್ಥವನ್ನಲ್ಲ

ಹಾಗಂತ ಗಿಟ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ರೀತಿ ತಿದ್ದಿದರೆ ಗಿಟ್ ‘ಕಾನ್‌ಫ್ಲಿಕ್ಟ್’ ಎಂದು ನಿಲ್ಲಿಸಿ ಕೇಳುತ್ತದೆ. ನಮ್ಮಲ್ಲಿ ಹಲವರು ಈ ಪದಕ್ಕೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಅದು ಕೇಳದೇ ಇದ್ದಾಗ.

ಉದಾಹರಣೆಗೆ, ಕ್ಯಾಂಟೀನ್ ಬಿಲ್ಲಿಂಗ್ ಆ್ಯಪ್ ಎಂದುಕೊಳ್ಳಿ. ಬೆಲೆ ಕೊಡುವ ಫಂಕ್ಷನ್ ರೂಪಾಯಿಯಲ್ಲಿ ಉತ್ತರ ಕೊಡುತ್ತಿತ್ತು; ದಶಾಂಶದ ತೊಂದರೆ ಬೇಡವೆಂದು ಒಬ್ಬರು ಅದನ್ನು ಪೈಸೆಗೆ ಬದಲಿಸಿದರು. ಅದೇ ಹೊತ್ತಿಗೆ ಇನ್ನೊಬ್ಬರು ಬೇರೆ ಫೈಲಿನಲ್ಲಿ ಆ ಫಂಕ್ಷನ್ ರೂಪಾಯಿ ಕೊಡುತ್ತದೆ ಎಂದೇ ನಂಬಿ ಬಿಲ್ ಮುದ್ರಿಸುವ ಭಾಗ ಬರೆದರು. ಎರಡೂ ಬೇರೆ ಫೈಲು, ಬೇರೆ ಸಾಲು. ಗಿಟ್ ಚಕಾರ ಎತ್ತದೆ ಕೂಡಿಸುತ್ತದೆ. ಹತ್ತು ರೂಪಾಯಿ ಚಹಾಕ್ಕೆ ಸಾವಿರ ರೂಪಾಯಿ ಬಿಲ್ ಬರುತ್ತದೆ. ಯಂತ್ರಕ್ಕೆ ಅಕ್ಷರ ಗೊತ್ತು, ಉದ್ದೇಶ ಗೊತ್ತಿಲ್ಲ. ಉದ್ದೇಶ ಒಂದಾಗಿರಬೇಕಾದರೆ ಜನ ಮಾತಾಡಿಕೊಳ್ಳಬೇಕು, ಕಮಿಟ್ ಸಂದೇಶದಲ್ಲಿ ‘ಅಪ್‌ಡೇಟ್’ ಎಂಬ ಒಂದು ಪದದ ಬದಲು ‘ಬೆಲೆ ಈಗ ಪೈಸೆಯಲ್ಲಿ’ ಎಂದು ಬರೆಯಬೇಕು, ಒಂದು ಸಣ್ಣ ಟೆಸ್ಟ್ ಇರಬೇಕು.

ದಿನಾ ಕೂಡಿಸಬೇಕು ಎನ್ನುವುದಕ್ಕೂ ಕಾರಣ ಇದೇ. ಒಂದು ದಿನದ ಕೆಲಸ ಕೂಡಿಸಿದಾಗ ತಪ್ಪಾದರೆ ಹುಡುಕಬೇಕಾದದ್ದು ಇಪ್ಪತ್ತು ಸಾಲು. ಎರಡು ತಿಂಗಳ ಕೆಲಸವನ್ನು ಒಂದೇ ಸಲ ಕೂಡಿಸಿದರೆ ತಪ್ಪು ಎಲ್ಲಿ ಬೇಕಾದರೂ ಇರಬಹುದು, ಆ ಸಾಲು ಬರೆದವರಿಗೇ ಏಕೆ ಬರೆದೆವೆಂದು ಮರೆತಿರಬಹುದು.

ಕನ್ನಡಿ ಹಿಡಿದರೆ ಬ್ಯಾಕಪ್ ಆಗದು

ಇನ್ನೊಂದು ಭ್ರಮೆ ಇದೆ: ‘ಸಿಂಕ್ ಆಗಿದೆ, ಅಂದಮೇಲೆ ಸುರಕ್ಷಿತ.’ ಇದಕ್ಕೆ 2013ರ ಮಾರ್ಚ್‌ನಲ್ಲಿ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಆದದ್ದನ್ನು ನೋಡಿ. ಅದರ ಸುಮಾರು 1,500 ರೆಪೊಗಳು ಒಂದು ಮುಖ್ಯ ಸರ್ವರ್‌ನಲ್ಲಿದ್ದವು. ಬೇರೆ ಬೇರೆ ಕಡೆಯ ಸರ್ವರ್‌ಗಳು ಅವುಗಳನ್ನು ಆಗಾಗ ನಕಲು ಮಾಡಿಕೊಳ್ಳುತ್ತಿದ್ದವು. ಮುಖ್ಯ ಸರ್ವರ್‌ನ ಫೈಲ್ ಸಿಸ್ಟಮ್ ಕೆಟ್ಟಿತು. ಯಾವ ಯಾವ ರೆಪೊಗಳಿವೆ ಎಂಬ ಪಟ್ಟಿಯೂ ಕೆಟ್ಟಿತು. ನಕಲು ಸರ್ವರ್‌ಗಳು ಆ ಪಟ್ಟಿಯನ್ನು ನಂಬಿ, ‘ಪಟ್ಟಿಯಲ್ಲಿ ಇಲ್ಲ, ಅಂದರೆ ಬೇಡ’ ಎಂದು ತಮ್ಮ ಬಳಿ ಇದ್ದ ಒಳ್ಳೆಯ ಪ್ರತಿಗಳನ್ನೂ ಅಳಿಸಿಹಾಕಿದವು. ಅದೃಷ್ಟಕ್ಕೆ ಒಂದೇ ಒಂದು ಸರ್ವರ್‌ನಲ್ಲಿ ಪೂರ್ಣ ಪ್ರತಿ ಉಳಿದಿತ್ತು, ಅದರಿಂದ ಎಲ್ಲವನ್ನೂ ಮರಳಿ ತಂದರು.

ಹರಿದ ಪುಟದ ಜೆರಾಕ್ಸ್ ತೆಗೆದರೆ ಬರುವುದು ಹರಿದ ಪುಟವೇ. ಹಾಗೆಯೇ ಸಿಂಕ್ ನಮ್ಮ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ಮುಟ್ಟಿಸುತ್ತದೆ. ಬ್ಯಾಕಪ್ ಎಂದರೆ ನಿನ್ನೆಯದು, ಮೊನ್ನೆಯದು ಬೇರೆಯಾಗಿ ಇರಬೇಕು, ಇಂದಿನ ತಪ್ಪು ಅದನ್ನು ಮುಟ್ಟಬಾರದು. ಅದನ್ನು ಒಮ್ಮೆ ತೆರೆದು ಓಡಿಸಿಯೂ ನೋಡಿರಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿಸಿಹೋದಾಗ, ಇದ್ದ ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಒಂದೂ ನೆಚ್ಚುವಂತಿಲ್ಲ ಎಂದು ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಸುಮಾರು ಆರು ಗಂಟೆ ಹಳೆಯ ಪ್ರತಿಯೊಂದು ಇದ್ದದ್ದರಿಂದ ಬಚಾವಾದರು. ಅಂಥವರಿಗೇ ಹೀಗಾದರೆ ನಮ್ಮ ಪಾಡೇನು? ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಲ್ಯಾಬ್ ಇದೆ, ಜೊತೆಗಾರರಿಲ್ಲ

ಪಠ್ಯದಲ್ಲಿ ಇದಿಲ್ಲ ಎಂದು ದೂರುವಂತೆಯೂ ಇಲ್ಲ. ವಿಟಿಯು 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ನ ಮೂರನೇ ಸೆಮಿಸ್ಟರ್‌ಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಒಂದು ಕ್ರೆಡಿಟ್‌ನ ಕೋರ್ಸನ್ನು ಆಯ್ಕೆಯಾಗಿ ಇಟ್ಟಿದೆ. ಇದು ಒಳ್ಳೆಯ ಹೆಜ್ಜೆ. ಪ್ರಶ್ನೆ ಇರುವುದು ನಾವು ಅದನ್ನು ಹೇಗೆ ಮಾಡಿ ಮುಗಿಸುತ್ತೇವೆ ಎನ್ನುವುದರಲ್ಲಿ. ಬಹಳಷ್ಟು ಕಡೆ ಪ್ರತಿಯೊಬ್ಬರೂ ಒಂದು ಕಂಪ್ಯೂಟರ್ ಮುಂದೆ ಒಬ್ಬರೇ ಕುಳಿತು ಕಮಾಂಡ್ ಹೊಡೆಯುತ್ತೇವೆ, ಔಟ್‌ಪುಟ್ ಅನ್ನು ರೆಕಾರ್ಡ್‌ನಲ್ಲಿ ಬರೆಯುತ್ತೇವೆ, ವೈವಾದಲ್ಲಿ ಮರ್ಜ್‌ಗೂ ರಿಬೇಸ್‌ಗೂ ವ್ಯತ್ಯಾಸ ಹೇಳುತ್ತೇವೆ. ಇನ್ನೊಬ್ಬ ಮನುಷ್ಯನ ಕೋಡ್ ಜೊತೆ ನಮ್ಮ ಕೋಡ್ ಒಮ್ಮೆಯೂ ಡಿಕ್ಕಿ ಹೊಡೆಯುವುದಿಲ್ಲ. ಇದು ದಡದಲ್ಲಿ ಕುಳಿತು ಈಜು ಕಲಿತ ಹಾಗೆ. ಎರಡು ವರ್ಷದ ನಂತರ ಫೈನಲ್ ಇಯರ್ ಪ್ರಾಜೆಕ್ಟ್ ಬಂದಾಗ ಮತ್ತೆ ಪೆನ್‌ಡ್ರೈವ್.

ನನ್ನ ಸಲಹೆ ಸರಳ. ಆ ಲ್ಯಾಬನ್ನು ಇಬ್ಬಿಬ್ಬರಾಗಿ ಮಾಡಿಸಲಿ. ಬೇಕೆಂದೇ ಒಂದೇ ಸಾಲನ್ನು ಇಬ್ಬರಿಂದ ತಿದ್ದಿಸಿ, ಕೂಡಿಸಿ ಎನ್ನಲಿ. ಪ್ರಾಜೆಕ್ಟ್‌ನ ಮೊದಲ ರಿವ್ಯೂ ದಿನವೇ ತಂಡದ ರೆಪೊ ತೋರಿಸುವುದು ಕಡ್ಡಾಯವಾಗಲಿ. ಒಟ್ಟು ಅಂಕದಲ್ಲಿ ಒಂದು ಪಾಲು ರೆಪೊದ ಚರಿತ್ರೆಗೆ ಇರಲಿ. ಇದರಿಂದ ಇನ್ನೊಂದು ಹಳೆಯ ಅನ್ಯಾಯವೂ ಕಡಿಮೆಯಾಗುತ್ತದೆ. ನಾಲ್ವರ ತಂಡದಲ್ಲಿ ಒಬ್ಬಳೇ ರಾತ್ರಿಯೆಲ್ಲ ಕುಳಿತು ಬರೆಯುವುದು, ಅಂಕ ನಾಲ್ವರಿಗೂ ಸಮನಾಗಿ ಬರುವುದು ನಮ್ಮೆಲ್ಲರಿಗೂ ಗೊತ್ತಿರುವ ಸಂಗತಿ. ಆ ಹುಡುಗಿ ದೂರು ಹೇಳಿದರೆ ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಎನ್ನುತ್ತಾರೆ. ಚರಿತ್ರೆ ತೆರೆದಿಟ್ಟರೆ ಅವಳು ದೂರು ಹೇಳುವ ಅಗತ್ಯವೇ ಇರುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ, ಅವು ಸುಳ್ಳೂ ಅಲ್ಲ. ಕಮಿಟ್ ಲೆಕ್ಕ ಹಾಕಿದರೆ ಜನ ಒಂದೊಂದು ಅಕ್ಷರಕ್ಕೂ ಕಮಿಟ್ ಮಾಡುತ್ತಾರೆ ಎನ್ನುವುದು ನಿಜ. ಆದ್ದರಿಂದ ಸಂಖ್ಯೆ ನೋಡಬೇಡಿ. ಯಾವುದಾದರೂ ಎರಡು ಕಮಿಟ್ ತೆರೆದು ‘ಇದನ್ನು ಏಕೆ ಬದಲಿಸಿದೆ’ ಎಂದು ಕೇಳಿ. ಬರೆದವರು ಉತ್ತರಿಸುತ್ತಾರೆ, ಬರೆಯದವರು ತಡವರಿಸುತ್ತಾರೆ. ಎರಡನೆಯ ಆಕ್ಷೇಪ: ಕೋಡ್ ಅನ್ನು ಈಗ ಎಐ ಬರೆದುಕೊಡುತ್ತದೆ, ಇದೆಲ್ಲ ಏಕೆ? ನನಗೆ ಕಾಣುವುದು ಇದರ ವಿರುದ್ಧವೇ. ನಾಲ್ವರೂ ಎಐನಿಂದ ದಿನಕ್ಕೆ ಸಾವಿರ ಸಾಲು ಬರೆಸಿಕೊಂಡರೆ, ಒಂದಕ್ಕೊಂದು ಹೊಂದದ ಸಾಲುಗಳೂ ಅಷ್ಟೇ ವೇಗವಾಗಿ ಹೆಚ್ಚುತ್ತವೆ. ಬರೆಯುವುದು ಅಗ್ಗವಾದಷ್ಟೂ ಕೂಡಿಸುವುದರ ಬೆಲೆ ಏರುತ್ತದೆ. ಮೂರನೆಯದು, ಮೇಷ್ಟ್ರುಗಳಿಗೆ ಸಮಯ ಎಲ್ಲಿದೆ ಎಂಬುದು. ಹತ್ತು ಸಿ.ಡಿ., ಐವತ್ತು ಪುಟದ ರಿಪೋರ್ಟ್‌ಗಳನ್ನು ತಿರುವಿ ಹಾಕುವುದಕ್ಕಿಂತ ರೆಪೊದ ಒಂದು ಪುಟ ನೋಡುವುದು ಬೇಗ ಮುಗಿಯುತ್ತದೆ.

ಕಾಲೇಜು ಮಾಡದಿದ್ದರೆ ನಾವೇ

ಕಾಲೇಜು ಬದಲಾಗುವವರೆಗೆ ಕಾಯಬೇಕಿಲ್ಲ. ತಂಡದವರು ಒಂದು ಚಹಾ ಕುಡಿಯುವ ಹೊತ್ತಿನಲ್ಲಿ ಈ ಐದು ಮಾತು ಮಾಡಿಕೊಂಡರೆ ಸಾಕು. ಕೆಲಸ ಶುರು ಮಾಡುವ ಮೊದಲು ಪುಲ್, ಮಲಗುವ ಮೊದಲು ಪುಶ್. ಮುಖ್ಯ ಬ್ರಾಂಚ್‌ನಲ್ಲಿರುವುದು ಯಾವಾಗಲೂ ಓಡಬೇಕು. ಅರ್ಧ ಬರೆದದ್ದು ಅವರವರ ಬ್ರಾಂಚಿನಲ್ಲಿರಲಿ. ಯಾವ ಭಾಗ ಯಾರದ್ದೆಂದು ಬರೆದಿಡಿ, ಇನ್ನೊಬ್ಬರ ಭಾಗ ಮುಟ್ಟುವ ಮೊದಲು ಒಂದು ಫೋನ್ ಮಾಡಿ. ಪಾಸ್‌ವರ್ಡ್, ಎಪಿಐ ಕೀಗಳನ್ನು ಎಂದೂ ಕಮಿಟ್ ಮಾಡಬೇಡಿ. ಆಮೇಲೆ ಅಳಿಸಿದರೂ ಚರಿತ್ರೆಯಲ್ಲಿ ಉಳಿಯುತ್ತವೆ, ಅಂಥದ್ದು ಆಗಿಬಿಟ್ಟರೆ ಕೀಯನ್ನೇ ಬದಲಿಸಿ. ವಾರಕ್ಕೊಮ್ಮೆ ಇಡೀ ರೆಪೊವನ್ನು ಬೇರೆ ಕಡೆ ಪ್ರತಿ ಮಾಡಿಟ್ಟು, ಹೊಸ ಫೋಲ್ಡರ್‌ನಲ್ಲಿ ತೆರೆದು ಓಡುತ್ತದೆಯೇ ನೋಡಿ. ಬೇಕಾದರೆ ಆ ಪ್ರತಿಗೆ ನಿಮ್ಮ ಪೆನ್‌ಡ್ರೈವ್ ಬಳಸಿ. ಅದಕ್ಕೆ ತಕ್ಕ ಕೆಲಸ ಅದೇ.

ರೆಸ್ಯೂಮೆಯಲ್ಲಿ ‘ಗಿಟ್ ಗೊತ್ತು’ ಎಂದು ಎಲ್ಲರೂ ಬರೆಯುತ್ತೇವೆ. ಎಂಟು ತಿಂಗಳು ನಾಲ್ವರು ದಿನಾ ಕೂಡಿ ಕೆಲಸ ಮಾಡಿದ, ಎಡವಿ ತಿದ್ದಿಕೊಂಡ ಒಂದು ರೆಪೊದ ಲಿಂಕ್ ಅದರ ಪಕ್ಕದಲ್ಲಿದ್ದರೆ ಆ ಎರಡು ಪದಕ್ಕೆ ತೂಕ ಬರುತ್ತದೆ. ಕ್ಯಾಂಪಸ್ ಸೆಲೆಕ್ಷನ್ ಇಲ್ಲದ ಕಾಲೇಜಿನ, ಶಿಫಾರಸು ಮಾಡುವವರಿಲ್ಲದ ಮನೆಯ ವಿದ್ಯಾರ್ಥಿಗೆ ಇಂಥ ದಾಖಲೆ ದೊಡ್ಡ ಆಸರೆ. ಅದನ್ನು ಕೊನೆಯ ವಾರ ಕುಳಿತು ಹುಟ್ಟಿಸಲು ಬರುವುದಿಲ್ಲ. ಈ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ತಂಡ ಇನ್ನೂ ಕೋಡ್ ಬರೆಯಲು ಶುರು ಮಾಡಿಲ್ಲದಿದ್ದರೆ ಒಳ್ಳೆಯದೇ ಆಯಿತು. ಮೊದಲು ರೆಪೊ ತೆರೆಯಿರಿ, ನಾಲ್ವರನ್ನೂ ಸೇರಿಸಿ, ಇಂದು ರಾತ್ರಿ ಒಂದು ಸಾಲಾದರೂ ಪುಶ್ ಮಾಡಿ.